ಬಗಲ ಕೌದಿ

ಮೊಮ್ಮಕ್ಕಳೇ, ಹೋದ ವಾರ ನಿಮ್ಮಲ್ಲಿ ದೊಡ್ಡವಳು ಫೋನಿನಲ್ಲಿ ಕೇಳಿದಳು, ಗೊತ್ತಿರುವ ಹುಡುಗಿಯೊಬ್ಬಳ ಮದುವೆಯ ರೇಷ್ಮೆ ಕುಪ್ಪಸಕ್ಕೆ ಕಂಕುಳ ಬೆವರು ಹತ್ತದ ಹಾಗೆ ಒಳಗೆ ಇಡುವ ಮೆತ್ತೆಯನ್ನು ಹೇಗೆ ಮಾಡುವುದು ಎಂದು. ಅರ್ಧ ಮರಾಠಿ, ಅರ್ಧ ಕನ್ನಡ. ಬರೆದು ಕಳಿಸುತ್ತೇನೆ ಎಂದೆ. ನಿಮಗಿಬ್ಬರಿಗೂ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಇದನ್ನು ನಿಮ್ಮ ಅಪ್ಪ ಓದಿ ಹೇಳಲಿ. ನಡುವೆ ಅವನು ನಿಲ್ಲಿಸಿದರೆ ಮುಂದೆ ಓದು ಎನ್ನಿ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಬರೆಯಲು ಬರುತ್ತದೆ.

ಈ ಕೆಲಸ ನಾನು ಕಲಿತದ್ದು ನಾಶಿಕದಲ್ಲಿ, ನಿಮ್ಮ ಅಜ್ಜ ತೀರಿಕೊಂಡ ಮರುವರ್ಷದ ಬೇಸಿಗೆಯಲ್ಲಿ. ಆಗ ನಾವು ಇಬ್ಬರು ಹೆಂಗಸರು ಒಬ್ಬ ಬ್ಯಾಂಕ್ ಸಾಹೇಬರ ಹೆಂಡತಿಯ ಕೈಕೆಳಗೆ ಕುಪ್ಪಸ ಹೊಲಿಯುತ್ತಿದ್ದೆವು. ಸಾಹೇಬರು ಧಾರವಾಡದ ಕಡೆಯವರು, ವರ್ಗವಾಗಿ ಬಂದವರು. ಅವರ ಹೆಂಡತಿ ಬಾಡಿಗೆ ಬಂಗಲೆಯ ಪಡಸಾಲೆಯಲ್ಲಿ ಎರಡು ಮಶೀನು ಇಟ್ಟುಕೊಂಡು ಮದುವೆ ಮನೆಗಳ ಕುಪ್ಪಸ ಹೊಲಿಸಿ ಕೊಡುತ್ತಿದ್ದರು. ಮನೆಯೊಡತಿಯೆಂದು ನಾವು ಅವರನ್ನು ಬಾಯಾರ ಎನ್ನುತ್ತಿದ್ದೆವು.

ನನ್ನ ಜೊತೆ ಇದ್ದವಳು ನನ್ನ ಗೆಳತಿ. ಆಕೆಯ ಗಂಡ ಮತ್ತು ನಿಮ್ಮ ಅಜ್ಜ ಒಂದೇ ಸೈಟಿನಲ್ಲಿ ಸೆಂಟ್ರಿಂಗ್ ಕೆಲಸದವರು. ಒಂದೇ ಸ್ಲ್ಯಾಬು ಕುಸಿದು ಒಂದೇ ದಿನ ಹೋದರು. ದಿನಕರ್ಮ ಮುಗಿದ ಮರುದಿನವೇ ಗುತ್ತಿಗೆದಾರ ನಮ್ಮ ತಗಡಿನ ಶೆಡ್ಡುಗಳನ್ನು ಖಾಲಿ ಮಾಡಿಸಿದ. ಗೆಳತಿಗೆ ಮೊದಲು ಬಾಯಾರ ಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು, ಆಮೇಲೆ ಹೊಲಿಗೆಯದು. ಅಕ್ಕನ ಕೈಹೊಲಿಗೆ ಬಲು ಸಣ್ಣದು ಎಂದು ಹೇಳಿ ನನ್ನನ್ನು ಕರೆಸಿದವಳು ಆಕೆ. ಬಂಗಲೆಯ ಹಿಂದೆ ಒಂದು ರೂಮಿತ್ತು. ಬಾಯಾರ ಅದನ್ನು ಕೊಡಲು ಹೊರಟದ್ದು ಆಕೆಗೆ. "ನನಗ ಮೈ ಚಾಚಾಕ ಎಲ್ಲರೆ ಜಾಗಾ ಸಿಗತೈತಿ ಅಕ್ಕಾ. ನಿನಗ ಎರಡು ಕೂಸು ಅದಾವು" ಎಂದು ಕೀಲಿಕೈಯನ್ನು ನನ್ನ ಕೈಯಲ್ಲಿ ಇಡಿಸಿದಳು. ಆಕೆ ಊರಾಚೆಯ ಸೈಟಿನಲ್ಲಿ ಮೈದುನನ ಶೆಡ್ಡಿನ ಬಾಗಿಲಲ್ಲಿ ಮಲಗುತ್ತಿದ್ದಳು.

ಕೆಲಸ ಹೋದ ದಿನ ರೂಮೂ ಹೋಗುತ್ತದೆ ಎಂದು ಬಾಯಾರ ಮೊದಲೇ ಹೇಳಿದ್ದರು. ನಿಮ್ಮ ಅಪ್ಪ ಆಗ ಐದನೆಯ ತರಗತಿ, ಅತ್ತೆ ಮೂರನೆಯದು. ಊರಿನಲ್ಲಿ ನನಗೆ ಯಾರೂ ಇರಲಿಲ್ಲ. ಆ ರೂಮು ಹೋದರೆ ಮಕ್ಕಳನ್ನು ಕರೆದುಕೊಂಡು ಮತ್ತೆ ಯಾವುದೋ ಸೈಟಿನಲ್ಲಿ ಖಡಿ ಕಲ್ಲು ಹೊರುವುದೇ ಗತಿ.

ಬಾಯಾರ ಮನೆಯಲ್ಲಿ ನಮಗೊಂದು ನಿಯಮವಿತ್ತು. ಗೇಟಿನ ಸಪ್ಪಳವಾದರೆ ನಾವಿಬ್ಬರೂ ಎದ್ದು ಹಿಂದೆ ಹೋಗಬೇಕು. ಮದುವೆಯ ಗಿರಾಕಿಗಳಿಗೆ ಬರಿ ಹಣೆ ಕಾಣಬಾರದು. ಮದುಮಗಳ ಕುಪ್ಪಸಕ್ಕೆ ಮೊದಲ ದಾರ ಹಾಕುವವರು ಬಾಯಾರ. ಮಶೀನಿನ ಗಾಲಿಗೆ ಕುಂಕುಮ ಹಚ್ಚಿ ನಾಲ್ಕು ಹೊಲಿಗೆ ಹಾಕಿ ಏಳುತ್ತಿದ್ದರು. ಉಳಿದ ನಾಲ್ಕು ಸಾವಿರ ಹೊಲಿಗೆ ನಮ್ಮವು. ಗೆಳತಿ ಅದಕ್ಕೂ ನಗುತ್ತಿದ್ದಳು. ಆಕೆಗೆ ಎಲ್ಲದಕ್ಕೂ ಒಂದು ಮಾತಿತ್ತು. ಬಾಯಾರ ಆಕೆಯನ್ನು ಬಾಯಿಬಡಕಿ ಎನ್ನುತ್ತಿದ್ದರು, ನನ್ನನ್ನು ಮೂಕಿ ಎನ್ನುತ್ತಿದ್ದರು.

ಏಪ್ರಿಲ್‌ನಲ್ಲಿ ಔರಂಗಾಬಾದಿನಿಂದ ಒಂದು ಆರ್ಡರು ಬಂತು. ನೀವು ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು. ಹುಡುಗಿಯ ತಂದೆಯೂ ನಮ್ಮ ಕಡೆಯವರು, ಅದೇ ಬ್ಯಾಂಕಿನವರು, ನಮ್ಮ ಸಾಹೇಬರ ಮೇಲಿನ ಸಾಹೇಬರು. ಹಾಗಾಗಿ ಬಾಯಾರಿಗೆ ಅದು ಬರೀ ಆರ್ಡರು ಆಗಿರಲಿಲ್ಲ. ಯೇವಲಾದ ಪೈಠಣಿ ಸೀರೆ, ಅದಕ್ಕೆ ಹೊಂದುವ ಮೂರು ರೇಷ್ಮೆ ಕುಪ್ಪಸ. ಹುಡುಗಿಗೆ ಕಂಕುಳಲ್ಲಿ ಬಹಳ ಬೆವರು. ನಿಶ್ಚಯದ ದಿನ ಪ್ರತಿ ಫೋಟೋದಲ್ಲೂ ಎರಡು ಕಡೆ ಅರ್ಧಚಂದ್ರ ಬಿದ್ದಿದ್ದವು. ಮದುಮಗಳು ಮೈ ಒರೆಸಿಕೊಳ್ಳದೆಯೇ ಬಂದಳೇನು ಎಂದು ಹುಡುಗನ ಅಕ್ಕ ಎಲ್ಲರ ಮುಂದೆ ಕೇಳಿದ್ದಳಂತೆ. ಅಂದಿನಿಂದ ತಾಯಿ ಮಗಳಿಗೆ ನೀರು ಅಳೆದು ಕೊಡುತ್ತಿದ್ದರು. ಕುಡಿದರೆ ತಾನೆ ಬೆವರು ಎಂದು.

ಬಾಯಾರ ಮೊದಲು ಅಂಗಡಿಯಿಂದ ಸಿದ್ಧ ಮೆತ್ತೆ ತರಿಸಿದರು. ಹಿಂದೆ ಗೋಂದು ಇದ್ದಂಥವು. ರೇಷ್ಮೆಯ ಚೂರಿಗೆ ಅಂಟಿಸಿ ಇಸ್ತ್ರಿಯ ಶಾಖ ಹಿಡಿದು ನೋಡಿದೆವು. ಕಿತ್ತಾಗ ಗೋಂದು ರೇಷ್ಮೆಯಲ್ಲೇ ಉಳಿಯಿತು. ನಾನೇ ಮಾಡಿ ನೋಡುತ್ತೇನೆ ಎಂದು ಗೆಳತಿಯ ಕಿವಿಯಲ್ಲಿ ಹೇಳಿದೆ, ಆಕೆ ಅದನ್ನು ಗಟ್ಟಿಯಾಗಿ ಬಾಯಾರಿಗೆ ಹೇಳಿದಳು.

ಈಗ ಮಾಡುವ ಬಗೆ ಹೇಳುತ್ತೇನೆ, ಸರಿಯಾಗಿ ಕೇಳಿಸಿಕೊಳ್ಳಿ. ಕುಪ್ಪಸವನ್ನು ಒಳಮೈ ಹೊರಗೆ ಮಾಡಿ ಹಾಸಬೇಕು. ಪಕ್ಕದ ಹೊಲಿಗೆ ತೋಳಿನ ಹೊಲಿಗೆಗೆ ಸೇರುವ ಜಾಗವೇ ನಡು. ಅಲ್ಲಿಂದ ಎರಡೂ ಬದಿಗೆ ಮೂರೂವರೆ ಇಂಚು, ತೋಳಿನ ಸುತ್ತಿನ ಬಾಗನ್ನು ಕಾಗದದ ಮೇಲೆ ಇಳಿಸಿಕೊಳ್ಳಬೇಕು. ಒಂದು ಕಡೆ ಆ ಬಾಗು, ಇನ್ನೊಂದು ಕಡೆ ಅರ್ಧಚಂದ್ರ. ಇಂಥ ಎರಡು ಎಲೆ ಕತ್ತರಿಸಬೇಕು, ಒಂದು ಕುಪ್ಪಸದ ಮೈಗೆ, ಒಂದು ತೋಳಿಗೆ. ತೋಳಿನ ಎಲೆ ಅರ್ಧ ಇಂಚು ಸಣ್ಣದಿರಲಿ, ಇಲ್ಲವಾದರೆ ತೋಳಿನ ಅಂಚಿನಿಂದ ಇಣುಕುತ್ತದೆ. ಬಾಗಿದ ಅಂಚುಗಳನ್ನು ಕೂಡಿಸಿ ಹೊಲಿದು, ಹೊಲಿಗೆಯಾಚೆಯ ಬಟ್ಟೆಗೆ ಅಲ್ಲಲ್ಲಿ ಕತ್ತರಿ ತಾಗಿಸಿದರೆ ಅದು ಮಡಿಸಿದ ವೀಳ್ಯದೆಲೆಯ ಹಾಗೆ ಕಂಕುಳಲ್ಲಿ ಕೂರುತ್ತದೆ. ಅದನ್ನು ರೇಷ್ಮೆಗೆ ಹೊಲಿಯಬಾರದು. ಒಳಪದರದ ಅಸ್ತರಕ್ಕೆ, ಒತ್ತಿದರೆ ಕೂಡುವ ನಾಲ್ಕು ಟಿಚ್ ಬಟನ್ ಹಾಕಿ ಕೂಡಿಸಬೇಕು. ಒಗೆಯಲು ಬಿಚ್ಚಿಕೊಳ್ಳಬಹುದು.

ಆಕಾರ ಎರಡೇ ದಿನಕ್ಕೆ ಕೂಡಿಬಂತು. ಸೋತದ್ದು ಬಟ್ಟೆಯಲ್ಲಿ. ಮೊದಲು ಪಾಪ್ಲಿನ್ ನಡುವೆ ಹತ್ತಿ ತುಂಬಿದೆ. ಒಂದು ಒಗೆತಕ್ಕೆ ಹತ್ತಿ ಗಂಟುಗಂಟಾಯಿತು. ಆಮೇಲೆ ಟವೆಲಿನ ಬಟ್ಟೆ. ಅದು ಬೆವರು ಹೀರಿತು, ಆದರೆ ಕೈ ದೇಹಕ್ಕೆ ತಾಗುತ್ತಿರಲಿಲ್ಲ. ಗೆಳತಿ ಅದನ್ನು ಹಾಕಿಕೊಂಡು ಪೈಲವಾನನ ಹಾಗೆ ಹಿತ್ತಲಲ್ಲಿ ಅಡ್ಡಾಡಿ ತೋರಿಸಿದಳು. ಹೊರಮೈಗೆ ಪ್ಲಾಸ್ಟಿಕ್ ಹಾಳೆ ಇಟ್ಟರೆ ಕೈ ಎತ್ತಿದಾಗಲೆಲ್ಲ ಚರಚರ ಸಪ್ಪಳ. ಕೊನೆಗೆ ಹರಿದ ಛತ್ರಿಯ ಬಟ್ಟೆ ಹೊಂದಿತು. ಆದರೆ ಅದರ ಮೇಲೆ ಸೂಜಿ ಓಡಿಸಬಾರದು, ತೂತಿನಿಂದ ಬೆವರು ಆಚೆ ಇಳಿಯುತ್ತದೆ. ಅಂಚಿನಲ್ಲಿ ಮಾತ್ರ ಹಿಡಿಯಬೇಕು.

ಒಳಗಿನ ಪದರಕ್ಕೆ ಹೊಸ ಮಲಮಲ್ ತಂದೆವು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಮೇಲೆಯೇ ಮಣಿಯಾಗಿ ನಿಲ್ಲುತ್ತದೆ. ಹತ್ತಾರು ಸಲ ಒಗೆದು ಬಿಸಿಲಿಗೆ ಹಾಕಿದರೆ ಮಾತ್ರ ಹೀರುವ ಗುಣ ಬರುತ್ತದೆ. ನಮ್ಮ ಹತ್ತಿರ ಉಳಿದದ್ದು ಮೂರು ದಿನ. ಬಾಯಾರಿಗೆ ಹಳೆಯ ಅರಿವೆ ಕೇಳಿದೆ. "ನನ್ನ ಸೀರಿ ಹರದು ಕೊಡ್ಲೇನು? ಎಲ್ಲಿಂದರೆ ತಾ. ಸ್ವಚ್ಛ ಇರಬೇಕು ಅಷ್ಟ. ಇದು ಕೆಟ್ಟರ ಇಬ್ಬರೂ ಗಂಟು ಕಟ್ರಿ" ಎಂದರು.

ನನ್ನ ಟ್ರಂಕಿನಲ್ಲಿ ನಿಮ್ಮ ಅಜ್ಜನ ಧೋತರ ಇತ್ತು. ಮದುವೆಯಲ್ಲಿ ಉಟ್ಟದ್ದು. ಹೋದವರ ಬಟ್ಟೆ ಇಟ್ಟುಕೊಳ್ಳಬಾರದು ಎಂದು ಎಲ್ಲವನ್ನೂ ಕೊಟ್ಟಿದ್ದೆ, ಅದೊಂದನ್ನು ಬಚ್ಚಿಟ್ಟಿದ್ದೆ. ಹನ್ನೆರಡು ವರ್ಷ ನನ್ನ ಕೈಯಲ್ಲೇ ಒಗೆದದ್ದು, ಬೆಣ್ಣೆಯಂಥ ಅರಿವೆ. ಸತ್ತವನ ಬಟ್ಟೆ ಮದುಮಗಳ ಮೈಗೆ ಹೋಗಬಾರದು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ತಿಳಿಯಬೇಡಿ. ಗೊತ್ತಿತ್ತು. ಸೋಡಾ ಹಾಕಿ ಕುದಿಸಿ, ಅಂಚಿನ ದಡಿ ಕತ್ತರಿಸಿ ತೆಗೆದೆ.

ನಾಲ್ಕು ಪದರ ಇಟ್ಟು ಕೌದಿಯ ಹೊಲಿಗೆ ಹಾಕಿದೆ. ನಮ್ಮೂರಲ್ಲಿ ಹಳೆ ಧೋತರ, ಹಳೆ ಸೀರೆ ಪದರವಾಗಿಟ್ಟು ಕೌದಿ ಹೊಲಿಯುವಾಗ ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ. ಹಾಗೆಯೇ ಸಣ್ಣ ಸಣ್ಣ ಹೊಲಿಗೆ. ಮೊದಲ ಜೋಡಿಯನ್ನು ಗೆಳತಿ ಹಾಕಿಕೊಂಡು ನನ್ನ ರೂಮಿನ ಒಲೆಯ ಮುಂದೆ ಕೂತು ಮಟಮಟ ಮಧ್ಯಾಹ್ನ ಇಪ್ಪತ್ತು ಜೋಳದ ರೊಟ್ಟಿ ಬಡಿದಳು. ಮುಖದಿಂದ ಬೆವರು ಹಂಚಿನ ಮೇಲೆ ತೊಟ್ಟಿಕ್ಕುತ್ತಿತ್ತು. ಎದ್ದು ಕೈ ಎತ್ತಿದಳು. ಮೈಮೇಲಿನ ಜಂಪರು ಕಂಕುಳಲ್ಲಿ ಒಣಗಿಯೇ ಇತ್ತು.

"ಬಗಲಿಗೆ ಕೌದಿ ಆತು, ಹಾಸಾಕ ಚಾಪಿ ಇಲ್ಲ. ನೋಡಬೇ ನನ್ನ ನಶೀಬ" ಎಂದಳು.

ಕಂಕುಳ ಮೆತ್ತೆಗೆ ಬಗಲ ಕೌದಿ ಎಂಬ ಹೆಸರು ಆಕೆ ಇಟ್ಟದ್ದು.

ಮೂರು ಕುಪ್ಪಸಕ್ಕೆ ಮೂರು ಜೋಡಿ ಕತ್ತರಿಸುವಾಗ ಧೋತರದ ಮೂಲೆ ಬಂತು. ಅಲ್ಲಿ ಕೆಂಪು ದಾರದ ಗುರುತಿತ್ತು. ಶೆಡ್ಡಿನಲ್ಲಿ ಎಲ್ಲರ ಬಟ್ಟೆ ಒಂದೇ ಹಗ್ಗದ ಮೇಲೆ ಒಣಗುತ್ತಿದ್ದವು. ಅದಲುಬದಲಾಗದಿರಲಿ ಎಂದು ಒಬ್ಬೊಬ್ಬ ಹೆಂಗಸು ಒಂದೊಂದು ಗುರುತು ಹಾಕುತ್ತಿದ್ದಳು. ನನ್ನದು ಕತ್ತರಿಯಂತೆ ಅಡ್ಡ ಬಿದ್ದ ಎರಡು ಹೊಲಿಗೆ, ಗೆಳತಿಯದು ಮೂರು ನಿಂತ ಗೆರೆ. ಆಕೆ ನೋಡಿದ ಕೂಡಲೇ ತಿಳಿದುಕೊಂಡಳು.

"ಅಣ್ಣನ ಧೋತರ ಅಲ್ಲೇನಬೇ ಇದು?" ಎಂದಳು. ನಾನು ಮುಂದಿನ ಎಲೆ ಕತ್ತರಿಸತೊಡಗಿದೆ. "ಇರಲಿ ಬಿಡು. ಗುರುತರೆ ಕತ್ತರಿಸಿ ಒಗಿ."

ಬಟ್ಟೆ ಸಾಲುವುದಿಲ್ಲ ಎಂದೆ. ಸುಳ್ಳು. ತಿರುಗಿಸಿ ಹಾಕಿದ್ದರೆ ಸಾಲುತ್ತಿತ್ತು. ಆ ಗುರುತನ್ನು ನಾನು ಮದುವೆಯಾದ ಹೊಸತರಲ್ಲಿ ಹಾಕಿದ್ದೆ, ಅದಕ್ಕೆ ಕತ್ತರಿ ತಾಗಿಸಲು ಕೈ ಬರಲಿಲ್ಲ. ಎರಡನೆಯ ಪದರದಲ್ಲಿ ಒಳಗೆ ಇಟ್ಟೆ. ಮೇಲಿನಿಂದ ಏನೂ ಕಾಣುತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ಬಾಯಾರ ನಮ್ಮನ್ನು ಬಾಡಿಗೆ ಜೀಪಿನಲ್ಲಿ ಔರಂಗಾಬಾದಿಗೆ ಹೊರಡಿಸಿದರು. ಹುಡುಗಿಯ ಮೈಮೇಲೆ ಹಾಕಿ ನೋಡಿ ಅಲ್ಲೇ ಟಿಚ್ ಬಟನ್ ಕೂಡಿಸಬೇಕಿತ್ತು. ಹತ್ತುವ ಮೊದಲು ಬಾಯಾರ ಹಣೆಗೆ ಅಂಟಿಸುವ ಟಿಕಳಿಯ ಒಂದು ಪಾಕೀಟು, ಒಂದಿಷ್ಟು ಹಸಿರು ಬಳೆ ತಂದು ನಮ್ಮ ಮುಂದೆ ಹಿಡಿದರು. "ಮದುವಿ ಮನಿಯೊಳಗ ಈ ಬರಿ ಹಣಿ ತಗೊಂಡು ಹ್ಯಾಂಗ ಹೋಗ್ತೀರಿ? ಹಚ್ಚಕೋರಿ."

ನಾನು ಹಚ್ಚಿಕೊಂಡೆ. ಗೆಳತಿ ಕೈ ಚಾಚಲಿಲ್ಲ. "ಒಂದು ದಿನದ ಮಟ್ಟಿಗೆ ಅಂವ ತಿರುಗಿ ಬರತಾನೇನ್ರಿ ಬಾಯಾರ?" ಎಂದಳು.

"ಹಂಗಾರ ನೀ ಹಿತ್ತಲದಾಗ ಕೂಡು. ಮುಂದ ಬಂದರ ಕಾಲು ಮುರೀತೀನಿ."

ನಿಫಾಡಿನ ದ್ರಾಕ್ಷಿ ತೋಟಗಳನ್ನು ದಾಟುವಾಗ ಗೆಳತಿ ನನ್ನ ಹಣೆ ನೋಡಿ ನೋಡಿ ನಗುತ್ತಿದ್ದಳು. "ನಿನಗ ಚಂದ ಕಾಣತೈತಿ" ಎಂದಳು. ಕೆಟ್ಟ ಮನಸ್ಸಿನಿಂದ ಅಲ್ಲ.

ಮನೆಯ ತುಂಬ ನೆಂಟರು. ಬಾಯಾರ ನನ್ನನ್ನು ನಮ್ಮ ಹೊಲಿಗೆಯ ಮುತ್ತೈದೆ ಎಂದು ಪರಿಚಯಿಸಿ ಒಳಗೆ ಕರೆದೊಯ್ದರು. ಹುಡುಗಿಯ ತುಟಿ ಒಡೆದಿದ್ದವು. ಬೆಳಗಿನಿಂದ ಅರ್ಧ ಲೋಟ ನೀರು ಕೊಟ್ಟಿದ್ದರಂತೆ. ಕುಪ್ಪಸ ತೊಡಿಸಿ, ಪೈಠಣಿ ಉಡಿಸಿ, ಬಾಗಿಲು ಹಾಕಿದ ಆ ಕೋಣೆಯಲ್ಲಿ ಒಂದು ತಾಸು ಕೂರಿಸಿದೆವು. ಅದೂ ಮೇ ತಿಂಗಳು. ನಾನು ಎರಡು ಸಲ ಕೈ ಎತ್ತಿಸಿ ನೋಡಿದೆ. ರೇಷ್ಮೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಹುಡುಗಿ ಕನ್ನಡಿಯ ಮುಂದೆ ಎರಡೂ ಕೈ ಎತ್ತಿ ನಿಂತು, ತಿರುಗಿ, ಮತ್ತೆ ನಿಂತಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಅತ್ತಳು. "ಈಗ ನೀರು ಕುಡೀಲೇನು?" ಎಂದು ತಾಯಿಯನ್ನು ಕೇಳಿದಳು. ಕುಡಿ ಎಂದರು.

ಬಿಚ್ಚಿದ ಕುಪ್ಪಸವನ್ನು ಗಾಳಿಗೆ ಹಾಕಲು ತೆಗೆದುಕೊಂಡವರು ಹುಡುಗಿಯ ಅಜ್ಜಿ, ತಂದೆಯ ತಾಯಿ. ಬಿಳಿ ಸೀರೆ, ಬರಿ ಹಣೆ. ಅವರಿಗೂ ಮರುದಿನ ಮಂಟಪದ ಹತ್ತಿರ ಜಾಗವಿರಲಿಲ್ಲ. ಒಳಮೈ ಹೊರಗೆ ಮಾಡಿದರು. ಕೌದಿ ಬೆವರು ಕುಡಿದು ಒದ್ದೆಯಾಗಿತ್ತು. ಒದ್ದೆಯಾದ ತೆಳು ಅರಿವೆ ಒಳಗಿನದನ್ನು ತೋರಿಸುತ್ತದೆ. ಇಷ್ಟು ದಿನ ಕೌದಿ ಹೊಲಿದವಳಿಗೆ ಅದು ಹೊಳೆದಿರಲಿಲ್ಲ. ಬಿಳಿಯ ನಡುವೆ ಆ ಕೆಂಪು ಗುರುತು ಎದ್ದು ನಿಂತಿತ್ತು.

ಅಜ್ಜಿ ಬೆರಳಿನಿಂದ ಅರಿವೆ ತಿಕ್ಕಿ ನೋಡಿದರು. "ಇದು ಧೋತರದ ಅರಿವಿ. ನಲವತ್ತು ವರ್ಷ ಒಗದಾಕಿ ನಾನು. ಯಾರ ಧೋತರ?"

ಬಾಯಾರ ತಮ್ಮ ಮನೆಯದೇ ಎಂದರು. "ನಿನ್ನ ಗಂಡ ಪ್ಯಾಂಟ್ ಹಾಕ್ತಾನ" ಎಂದರು ಅಜ್ಜಿ. ಗುರುತು ಹಾಕುವವರು ಯಾರು, ಕೂಲಿ ಜನ. ಈ ಮುತ್ತೈದೆಯ ಜೊತೆ ಇನ್ನು ಯಾರು ಹೊಲಿದರೋ ಅವರನ್ನು ಕರೆಯಿರಿ ಎಂದರು. ಹಿತ್ತಲಿನಿಂದ ಗೆಳತಿಯನ್ನು ಕರೆತಂದರು. ಆಕೆ ಪಡಸಾಲೆಯ ಹೊಸ್ತಿಲಿನ ಹೊರಗೆ ನಿಂತಳು. ಇಪ್ಪತ್ತು ಹೆಂಗಸರು ಆಕೆಯ ಹಣೆ ನೋಡಿದರು. ನಾನು ಒಳಗೆ, ಮದುಮಗಳ ಪಕ್ಕದಲ್ಲಿ, ಟಿಕಳಿ ಹಚ್ಚಿಕೊಂಡು ನಿಂತಿದ್ದೆ.

"ಈ ರಂಡಿಮುಂಡಿ ಕೈಲೆ ಹೊಲಸೀಯೇನು ನನ್ನ ಮೊಮ್ಮಗಳ ಜಂಪರು?" ಎಂದು ಬರಿ ಹಣೆಯ ಅಜ್ಜಿ ಬಾಯಾರನ್ನು ಕೇಳಿದರು. ಗೆಳತಿಯ ಕಡೆ ತಿರುಗಿ, "ಸತ್ತಾಂವನ ಅರಿವಿ ಹೌದಲ್ಲೋ?" ಎಂದರು.

"ನನ್ನ ಗಂಡಂದು ಒಂದು ನೂಲೂ ನನ್ನ ಹತ್ತರ ಇಲ್ಲರಿ. ಎಲ್ಲಾ ಹೊಳಿಗೆ ಬಿಟ್ಟೀನಿ" ಎಂದಳು ಗೆಳತಿ. ಆಮೇಲೆ ನನ್ನನ್ನು ನೋಡಿದಳು. "ಅಕ್ಕಾ. ಹೇಳಬೇ."

ಎಲ್ಲರೂ ನನ್ನ ಕಡೆ ತಿರುಗಿದರು. ಇಲ್ಲಿ ನಿಮ್ಮ ಅಪ್ಪ ನಿಲ್ಲಿಸಬಹುದು, ನಿಲ್ಲಿಸಬೇಡ ಎನ್ನಿ. ನನಗೆ ಮೊದಲಿಂದಲೂ ಮಾತು ಬರುವುದಿಲ್ಲ, ಅದಕ್ಕೇ ಸುಮ್ಮನಾದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಲ್ಲ. ಆ ಹೊತ್ತು ನನ್ನ ತಲೆ ಬಹಳ ಚೆನ್ನಾಗಿ ಓಡುತ್ತಿತ್ತು. ರೂಮಿನ ಬಾಗಿಲು ಕಂಡಿತು, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ನಿಮ್ಮ ಅಪ್ಪನ ಶಾಲೆಯ ಚೀಲ ಕಂಡಿತು. ಬಾಯಾರ ಕಣ್ಣೂ ಕಂಡಿತು. ನಾನು ವಿಧವೆ ಎಂದು ಹೊರಬಿದ್ದರೆ ಸಿಕ್ಕಿಬೀಳುವವರು, ಟಿಕಳಿ ಹಚ್ಚಿಸಿ ತಂದ ಅವರೇ.

"ನನಗ ಗೊತ್ತಿಲ್ಲರಿ" ಎಂದೆ. ಮೆಲ್ಲಗೆ ಹೇಳಿದೆ, ಆದರೆ ಎಲ್ಲರಿಗೂ ಕೇಳಿಸಿತು.

"ಆಕಿ ತಲಿ ಎತ್ತಿ ಮಾತಾಡೂ ಹೆಣ್ಣಮಗಳಲ್ಲ, ಸುಳ್ಳು ಹೇಳತಾಳೇನ್ರಿ?" ಎಂದು ಬಾಯಾರ ತಕ್ಷಣ ಸೇರಿಸಿದರು. "ಎಲ್ಲಾ ಈಕೀದ."

ಅಕ್ಕನೂ ವಿಧವೆ ಎಂದು ಗೆಳತಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿಬಡಕಿ ಅದೊಂದನ್ನು ಹೇಳಲಿಲ್ಲ. ಯಾರೋ ಆಕೆಯ ಕೈಚೀಲವನ್ನು ಅಂಗಳಕ್ಕೆ ಎಸೆದರು. ಬಾಯಾರ ಅಲ್ಲೇ ಕೆಲಸದಿಂದ ತೆಗೆದೆ ಎಂದರು. ಅಜ್ಜಿ ಮೂರೂ ಜೋಡಿಯನ್ನು ಕಿತ್ತು, ಸ್ನಾನದ ನೀರಿನ ಒಲೆಗೆ ಹಾಕಿ ಎಂದರು. ಯಾರೂ ಮುಟ್ಟಲು ಮುಂದೆ ಬರಲಿಲ್ಲ. "ಆ ಮುತ್ತೈದಿ ಕೈಲೆ ಸುಡಸ್ರಿ, ದೋಷ ಹೋಗ್ತದ" ಎಂದರು.

ಒಲೆ ಹಿತ್ತಲಲ್ಲಿತ್ತು. ಒದ್ದೆ ಅರಿವೆ ಮೊದಲು ಹೊಗೆಯಾಡಿತು. ಛತ್ರಿ ಬಟ್ಟೆ ಕರಗಿ ಕೆಟ್ಟ ವಾಸನೆ ಬಂತು. ಕೋಲಿನಿಂದ ಒಳಗೆ ತಳ್ಳಿ, ಉರಿಯುವವರೆಗೆ ಕೂತೆ. ಮೂರೂ ಜೋಡಿ. ನನ್ನ ಮದುವೆಯ ಧೋತರ.

ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುವ ದಾರಿ ಒಲೆಯ ಪಕ್ಕದಲ್ಲೇ ಇತ್ತು. ಗೆಳತಿ ಚೀಲ ಹಿಡಿದುಕೊಂಡು ಬಂದಳು. ನನ್ನ ಮುಂದೆ ನಿಂತಳು. ಬಡಿಯುತ್ತಾಳೆ ಎಂದುಕೊಂಡೆ, ಬಡಿಯಲಿ ಎಂದುಕೊಂಡೆ. ಒಲೆಯ ಶಾಖಕ್ಕೆ ನನ್ನ ಹಣೆ ಬೆವರಿತ್ತು. ಆಕೆ ಹೆಬ್ಬೆರಳು ಚಾಚಿ ಟಿಕಳಿಯನ್ನು ಸರಿಸಿ, ಗಟ್ಟಿಯಾಗಿ ಒತ್ತಿದಳು.

"ಸೊಟ್ಟ ಆಗಿತ್ತಬೇ ಅಕ್ಕಾ" ಎಂದಳು. ಹೋದಳು.

ಆ ಮಧ್ಯಾಹ್ನ ಹೊಸ ಟವೆಲು ಕತ್ತರಿಸಿ ಬೇರೆ ಮೆತ್ತೆ ಮಾಡಿಕೊಟ್ಟೆ. ಹೊಸದರ ಗಂಜಿಗೆ ಅದು ಹೀರುವುದಿಲ್ಲ, ದಪ್ಪಕ್ಕೆ ಕೈ ಮೈಗೆ ಕೂರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹುಡುಗಿಗೂ ಗೊತ್ತಾಯಿತು. ತಾಯಿ ನೀರಿನ ಲೋಟವನ್ನು ಮತ್ತೆ ಒಳಗೆ ಇಟ್ಟರು. ಮರುದಿನ ಅಕ್ಷತೆಯ ಹೊತ್ತಿಗೆ ಹುಡುಗಿ ತಲೆ ಸುತ್ತಿ ಬಿದ್ದಳಂತೆ. ನಾವು ಆಗ ಇರಲಿಲ್ಲ.

ಹೊರಡುವಾಗ ಹುಡುಗಿಯ ತಾಯಿ ನನ್ನನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿ ಉಡಿ ತುಂಬಿದರು. ಅಕ್ಕಿ, ತೆಂಗಿನಕಾಯಿ, ಒಂದು ಜಂಪರ್ ಪೀಸು. ನಾನು ಸೆರಗು ಒಡ್ಡಿದೆ. ಆ ಅಕ್ಕಿಯಲ್ಲೇ ಮರುದಿನ ಅನ್ನ ಮಾಡಿ ನಿಮ್ಮ ಅಪ್ಪನಿಗೂ ಅತ್ತೆಗೂ ಬಡಿಸಿದೆ. ಬಹಳ ದಿನದ ಮೇಲೆ ಒಳ್ಳೆಯ ಅಕ್ಕಿ. ಇಬ್ಬರೂ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು.

ಹಿಂದಿರುಗುವಾಗ ಜೀಪಿನಲ್ಲಿ ಯೇವಲಾ ದಾಟಿದೆವು. ಬಾಯಾರ ಹೊರಗೆ ನೋಡುತ್ತಲೇ ಹೇಳಿದರು, "ಧೋತರ ನಿಂದ ಅಂತ ನನಗ ಗೊತ್ತಿತ್ತು. ಆಕಿ ಮಾತಾಡ್ತಾಳ, ನೀ ಮಾತಾಡೂದಿಲ್ಲ. ನನಗ ಮಾತಾಡದಾಕಿ ಬೇಕು." ನಂತರ ಕೈ ಚಾಚಿ ಬಳೆಗಳನ್ನು ವಾಪಸು ಕೇಳಿದರು. ಒಂದೊಂದಾಗಿ ಕಳಚಿ ಕೊಟ್ಟೆ. ಟಿಕಳಿಯನ್ನು ನಾನೇ ಕಿತ್ತೆ.

ಆ ರೂಮಿನಲ್ಲಿ ನಾವು ಆರು ವರ್ಷ ಇದ್ದೆವು. ಒಮ್ಮೆಯೂ ಬಾಯಾರ ಮುಂದೆ ಇಲ್ಲ ಎನ್ನಲಿಲ್ಲ. ಹೇಳಿದಷ್ಟು ಹೊಲಿದೆ, ಕೊಟ್ಟಷ್ಟು ತೆಗೆದುಕೊಂಡೆ. ನಿಮ್ಮ ಅಪ್ಪ ಅಲ್ಲಿಯೇ ಹತ್ತನೆಯದು ಪಾಸಾದ.

ಗೆಳತಿ ನಾಶಿಕಕ್ಕೆ ತಿರುಗಿ ಬರಲಿಲ್ಲ. ಸಿಲ್ಲೋಡದಲ್ಲಿ ಹತ್ತಿ ಆರಿಸುವ ಕೆಲಸದಲ್ಲಿದ್ದಾಳೆ ಎಂದು ಬಹಳ ವರ್ಷದ ಮೇಲೆ ಊರಿನವರೊಬ್ಬರಿಂದ ತಿಳಿದು ಒಂದು ಸಲ ಹೋದೆ. ಹತ್ತಿಯ ರಾಶಿಯ ನಡುವೆ ಕೂತಿದ್ದಳು. ತಲೆ ಪೂರಾ ನರೆತಿತ್ತು. ದಾರಿಯುದ್ದಕ್ಕೂ ಕೂಡಿಸಿಕೊಂಡು ಹೋದ ಮಾತಿನಲ್ಲಿ ಒಂದೂ ನನ್ನ ಬಾಯಿಂದ ಹೊರಡಲಿಲ್ಲ. ಆಕೆಯೇ ಕೇಳಿದಳು, "ರೂಮು ಉಳೀತೇನಬೇ?"

"ಉಳೀತು" ಎಂದೆ.

"ಹಂಗಾರ ಆತು" ಎಂದಳು. ಮತ್ತೆ ಹತ್ತಿ ಆರಿಸತೊಡಗಿದಳು. ಕೂಡು ಎನ್ನಲಿಲ್ಲ. ನಾನು ತಿರುಗಿ ಬಂದೆ.

ಕುಪ್ಪಸದ ಅಳತೆಯ ಕಾಗದ ಇದರ ಜೊತೆ ಕಳಿಸಿರುವ ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಹೊಸ ಮಲಮಲ್ ತಂದು ಈಗಿನಿಂದಲೇ ಒಗೆಯಲು ಶುರು ಮಾಡಿ, ಮದುವೆಯ ಹೊತ್ತಿಗೆ ಮೆತ್ತಗಾಗುತ್ತದೆ. ಆ ಮದುಮಗಳಿಗೆ ನೀರು ಬೇಕಾದಷ್ಟು ಕುಡಿಯಲು ಹೇಳಿ. ಅದೇ ಡಬ್ಬಿಯಲ್ಲಿ ಕಾಗದದ ಕೆಳಗೆ ಒಂದು ಹಳೆಯ ಜೋಡಿ ಇದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿದ ದಿನ ಗೆಳತಿ ಹಾಕಿಕೊಂಡದ್ದು. ಬೆವರಿನ ಕಲೆ ಹಳದಿಯಾಗಿ ನಿಂತಿದೆ. ಹೊಲಿಗೆ ನೋಡಿ ಕಲಿಯಲು ಅದನ್ನು ತೆಗೆಯಿರಿ, ನೋಡಿ ಅಲ್ಲಿಯೇ ಇಡಿ. ಒಗೆಯಬೇಡಿ.